ಬಾಸ್ಕೆಟ್ಟಿಗೆ ಬೆನ್ನು ಕೊಟ್ಟು ನಿಂತವರು

ಅವರ ಅಳತೆಯ ಪೆಟ್ಟಿಗೆ ಉಡುಪಿಯಲ್ಲಿ ಸಿಗಲಿಲ್ಲ. ಮಂಗಳೂರಿಗೂ ಫೋನ್ ಮಾಡಿ ಕೇಳಿದರಂತೆ, ಅಲ್ಲಿಯೂ ಇರಲಿಲ್ಲ. ಕೊನೆಗೆ ಕಾರ್ಕಳದ ಬಡಗಿಯೊಬ್ಬರು ಮರ ಉಂಟು, ಸಂಜೆಯೊಳಗೆ ಮಾಡಿಕೊಡುತ್ತೇನೆ, ಅಳತೆ ಸರಿಯಾಗಿ ಹೇಳಿ ಎಂದರು. ತೀರಿಕೊಂಡವರ ತಮ್ಮ ನನಗೆ ಫೋನ್ ಮಾಡಿದ್ದು ಆ ಅಳತೆಗಾಗಿ.

"ಮ್ಯಾಡಮ್, ಅಕ್ಕ ಬೆಳಿಗ್ಗೆ ಹೋದಳು," ಅಂದ. ಆಮೇಲೆ ಕೇಳಿದ. "ಅವಳ ಹೈಟ್ ಕರೆಕ್ಟಾಗಿ ಎಷ್ಟು? ನಿಮಗೆ ಗೊತ್ತಿರಬಹುದು ಅಂತ ಅಮ್ಮ ಹೇಳಿದರು."

ನನಗೆ ಗೊತ್ತಿತ್ತು. "ಆರು ಅಡಿ ಒಂದೂವರೆ ಇಂಚು," ಎಂದೆ. ಫೋನ್ ಇಟ್ಟ ಮೇಲೆ ಅಳು ಬಂತು.

ಮರುದಿನ ಅಜೆಕಾರಿನ ಇಗರ್ಜಿಯ ಅಂಗಳದಲ್ಲಿ ಒಂದು ಟೆಂಪೋ ಟ್ರಾವೆಲರ್ ಬಂದು ನಿಂತಿತು. ಅದರಿಂದ ತಲೆ ಬಗ್ಗಿಸಿಕೊಂಡು ಒಬ್ಬೊಬ್ಬರೇ ಹೆಂಗಸರು ಇಳಿದರು. ಎಲ್ಲರೂ ಎತ್ತರದವರು, ನಲವತ್ತು ದಾಟಿದವರು. ಹಿಂದೆ ಅವರ ಜೊತೆ ಆಡಿದವರು, ಚೆನ್ನೈಯಿಂದ, ಕೊಚ್ಚಿಯಿಂದ, ಹೈದರಾಬಾದಿನಿಂದ ಬಂದಿದ್ದರು. ಊರಿನವರು ಕತ್ತೆತ್ತಿ ನೋಡಿದರು. ಹಿಂದಿದ್ದವರಿಗೆ ಮರೆಯಾಗಬಾರದೆಂದು ಅವರು ಇಗರ್ಜಿಯ ಕೊನೆಯ ಸಾಲಿನಲ್ಲಿಯೇ ನಿಂತರು. ಪೂಜೆ ಮುಗಿದು ಪೆಟ್ಟಿಗೆ ಎತ್ತುವ ಹೊತ್ತಿಗೆ ಮಾತ್ರ ಮುಂದೆ ಬಂದು, ಹಿಂದಿಯಲ್ಲಿ ಫಾದರ್ ಹತ್ತಿರ ಏನೋ ಕೇಳಿದರು. ಫಾದರ್ ತಲೆಯಾಡಿಸಿದರು. ಗಂಡಸರು ಪಕ್ಕಕ್ಕೆ ಸರಿದರು. ಆರು ಜನ ಹೆಂಗಸರು ಆ ಉದ್ದದ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಸಿಮೆತ್ರಿಗೆ, ಇಗರ್ಜಿಯ ಸ್ಮಶಾನಕ್ಕೆ, ನಡೆದರು. ನಮ್ಮ ಕಡೆ ನಾನು ಅಂಥದ್ದನ್ನು ಹಿಂದೆ ಕಂಡಿರಲಿಲ್ಲ.

ನನ್ನ ಪಕ್ಕದಲ್ಲಿದ್ದ ಊರಿನ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಇವರು ಅಷ್ಟು ದೊಡ್ಡ ಪ್ಲೇಯರಾ? ನಾವು ದಿನಾ ನೋಡ್ತಿದ್ದೆವು. ಗೊತ್ತೇ ಇರಲಿಲ್ಲ ಅಲ್ವಾ?"

ಆ ಹೊತ್ತಿನಲ್ಲಿ ನನಗೆ ಉತ್ತರ ಹೇಳಲಿಕ್ಕೆ ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಆಡುತ್ತಿದ್ದ ಕಾಲದಲ್ಲಿ ಪೇಪರಿನವರು ಅವರ ಹೆಸರನ್ನು ತಪ್ಪಾಗಿ ಬರೆದದ್ದೇ ಹೆಚ್ಚು. "ನನ್ನ ಹೆಸರು ಯಾರಿಗೋ ಸಿಕ್ಕಿದೆ, ಅವರು ಚೆನ್ನಾಗಿ ಆಡಲಿ," ಎಂದು ಅವರು ನಗುತ್ತಿದ್ದರು.

ನಾನು ಫಿಸಿಯೋಥೆರಪಿಸ್ಟ್. ಮನೆ ಕಾಪುವಿನಲ್ಲಿ, ಕೆಲಸ ಮಣಿಪಾಲದಲ್ಲಿ. ನಮ್ಮ ವಿಭಾಗದಲ್ಲಿ ಮನುಷ್ಯರಿಗೆ ಮೊದಲು ಹೆಸರಿರುವುದಿಲ್ಲ. 'ಉಚ್ಚಿಲದ ಸೊಂಟ ಬಂದಿದ್ದಾರೆ', 'ಹಿರಿಯಡ್ಕದ ಭುಜ ಇವತ್ತು ಬರುವುದಿಲ್ಲ' ಎಂದು ಮಾತಾಡಿಕೊಳ್ಳುತ್ತೇವೆ. ಅವರು ನಮಗೆ 'ಅಜೆಕಾರಿನ ಮೊಣಕಾಲು'. ಆಗ ಅವರಿಗೆ ಮೂವತ್ತಮೂರು ವರ್ಷ, ನಾನು ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಎಡ ಮೊಣಕಾಲಿನ ಒಳಗಿನ ಲಿಗಮೆಂಟು ಪೂರ್ತಿ ಹರಿದುಹೋಗಿ, ಆಪರೇಷನ್ ಆಗಿತ್ತು. ಮಂಚ ಸಾಲದೆ ಅವರ ಎರಡೂ ಪಾದಗಳು ಹೊರಗಿದ್ದವು.

"ಎಷ್ಟು ತಿಂಗಳು?" ಎಂದು ಕೇಳಿದರು. ನೋವು ಎಷ್ಟು ದಿನ ಎಂದು ಕೇಳದೆ ನೇರ ಇದನ್ನೇ ಕೇಳಿದ ಮೊದಲ ಪೇಶಂಟ್ ಅವರು.

"ಒಂಬತ್ತು ಆಗಬಹುದು."

"ಒಂಬತ್ತಾ?" ಬಾಗಿಲಿನ ಕಡೆ ನೋಡಿ ಸ್ವರ ತಗ್ಗಿಸಿದರು. "ಅಮ್ಮನ ಹತ್ತಿರ ಹೇಳಬೇಡಿ. ಒಂಬತ್ತು ತಿಂಗಳು ರಜೆ ಉಂಟಾದರೆ ಮದುವೆ, ಮಗು ಎರಡೂ ಮುಗಿಸಿಬಿಡು ಅಂತಾರೆ."

ತಾಯಿ ಬಾಗಿಲಲ್ಲೇ ಇದ್ದರು. ಸಣ್ಣ ಜೀವ, ಮಗಳ ಎದೆಯವರೆಗೂ ಬರುತ್ತಿರಲಿಲ್ಲ. ನಾನು ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದೆ. ಗಂಡ ಕುವೈತಿನಲ್ಲಿ ದುಡಿದು, ಊರಿಗೆ ಬಂದ ಎರಡೇ ವರ್ಷದಲ್ಲಿ ತೀರಿಕೊಂಡಿದ್ದರು. ತಾಯಿ ಮಗಳು ಅವರೊಳಗೆ ಕೊಂಕಣಿ, ನನ್ನ ಹತ್ತಿರ ತುಳು, ಡಾಕ್ಟರ ಎದುರು ಶುದ್ಧ ಕನ್ನಡ.

ಅವರ ಕತೆ ನನಗೆ ಗೊತ್ತಾದದ್ದು ಒಂದೇ ದಿನದಲ್ಲಿ ಅಲ್ಲ. ಕಾಲು ಮಡಚಿಸುವಾಗ ನೋವು ತಿಳಿಯಬಾರದೆಂದು ನಾವು ಪೇಶಂಟನ್ನು ಮಾತಾಡಿಸುತ್ತಾ ಇರುತ್ತೇವೆ. ಹಾಗೆ ಚೂರುಚೂರಾಗಿ ತಿಳಿಯಿತು. ಕಾರ್ಕಳದ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಅವರು ಟೀಚರಿಗಿಂತ ಎತ್ತರ. ಫೋಟೋ ತೆಗೆಯುವಾಗ ಕೂತುಕೋ ಎನ್ನುತ್ತಿದ್ದರು. ಬಸ್ಸಿನಲ್ಲಿ ಅರ್ಧ ಟಿಕೆಟಿಗೆ ಕಂಡಕ್ಟರನ ಹತ್ತಿರ ಜಗಳ. ಹೊಸದಾಗಿ ಬಂದ ಪಿ.ಟಿ. ಮಾಸ್ತರರು ಒಂದು ಬಾಲ್ ಕೈಗೆ ಕೊಟ್ಟು, "ನೀನು ಎಂತ ಬಗ್ಗಿ ನಡೆಯುವುದು? ನೆಟ್ಟಗೆ ನಿಲ್ಲು," ಎಂದರಂತೆ. ಅಲ್ಲಿಯವರೆಗೆ ಯಾರೂ ಅವರಿಗೆ ನೆಟ್ಟಗೆ ನಿಲ್ಲಲು ಹೇಳಿರಲಿಲ್ಲ. ಅಲ್ಲಿಂದ ಸ್ಪೋರ್ಟ್ಸ್ ಹಾಸ್ಟೆಲ್, ಹತ್ತೊಂಬತ್ತಕ್ಕೆ ಚೆನ್ನೈಯಲ್ಲಿ ಒಂದು ಸರ್ಕಾರಿ ಇಲಾಖೆಯ ತಂಡ. ಆಟವೇ ಉದ್ಯೋಗ. ಬೆಳಿಗ್ಗೆ ಪ್ರಾಕ್ಟೀಸು, ಮಧ್ಯಾಹ್ನ ಆಫೀಸಿನಲ್ಲಿ ಒಂದು ಸಹಿ, ಸಂಜೆ ಮತ್ತೆ ಪ್ರಾಕ್ಟೀಸು. ದೇಶದ ತಂಡದಲ್ಲಿಯೂ ಆಡಿದ್ದರು. ಆ ನೀಲಿ ಅಂಗಿಯನ್ನು ತಾಯಿ ಕಪಾಟಿನಲ್ಲಿ ಮದುವೆ ಸೀರೆಯ ಜೊತೆ ನುಸಿಗುಳಿಗೆ ಹಾಕಿ ಇಟ್ಟಿದ್ದರು.

ಅವರ ಜಾಗಕ್ಕೆ ಪಿವೊಟ್ ಎನ್ನುತ್ತಾರೆ. ನನಗೆ ಆಟ ಗೊತ್ತಿರಲಿಲ್ಲ. ಟವೆಲಿನ ಮೇಲೆ ಮಾತ್ರೆಗಳನ್ನು ಜೋಡಿಸಿ ತೋರಿಸಿಕೊಟ್ಟರು. "ಬೇರೆಯವರೆಲ್ಲ ಬಾಸ್ಕೆಟ್ ನೋಡಿ ಆಡ್ತಾರೆ. ನಾನು ಬಾಸ್ಕೆಟ್ಟಿಗೆ ಬೆನ್ನು ಕೊಟ್ಟು ನಿಲ್ಲುವವಳು. ಹಿಂದಿನವಳು ಗುದ್ದುತ್ತಾಳೆ, ತಳ್ಳುತ್ತಾಳೆ. ಅವಳು ಎಲ್ಲಿ ಗುದ್ದುತ್ತಾಳೆ ಅಂತ ನೋಡಿಯೇ ಬಾಸ್ಕೆಟ್ ಎಲ್ಲಿ ಉಂಟು ಅಂತ ನನಗೆ ಗೊತ್ತಾಗೂದು." ಇನ್ನೊಂದು ಕೆಲಸವನ್ನೂ ಹೇಳಿದರು. ತನ್ನ ಕಡೆಯವಳು ಬಾಲ್ ಹಿಡಿದು ಓಡುವಾಗ, ಅಟ್ಟಿಸಿಕೊಂಡು ಬರುವವಳ ದಾರಿಯಲ್ಲಿ ಅಲ್ಲಾಡದೆ ನಿಲ್ಲಬೇಕು. ಅವಳು ಬಂದು ಇವರಿಗೆ ಹೊಡೆದುಕೊಳ್ಳುತ್ತಾಳೆ, ಅಷ್ಟರಲ್ಲಿ ನಮ್ಮವಳು ತಪ್ಪಿಸಿಕೊಂಡು ಹೋಗಿ ಬಾಸ್ಕೆಟ್ ಹಾಕುತ್ತಾಳೆ.

"ಜನ ಯಾರಿಗೆ ಚಪ್ಪಾಳೆ ಹೊಡೀತಾರೆ?" ಎಂದು ಕೇಳಿದೆ.

"ಹಾಕಿದವಳಿಗೆ. ಮತ್ತೆ ಯಾರಿಗೆ ಹೊಡೆಯುವುದು, ಗೋಡೆಗಾ?"

ಹದಿನಾಲ್ಕು ವರ್ಷ ಹಾಗೆ ಹೊಡೆಸಿಕೊಂಡವರಿಗೆ ಕಾಲು ಹರಿದದ್ದು ಯಾರೂ ಮುಟ್ಟದೆ ಇರುವಾಗ. ಪ್ರಾಕ್ಟೀಸಿನಲ್ಲಿ ಒಬ್ಬರೇ ಹಾರಿ ಇಳಿದರು, ಒಳಗೆ ಟಪ್ ಎಂದಿತು, ಬಿದ್ದರು. ಅದನ್ನು ಹೇಳುವಾಗಲೆಲ್ಲ ಅವರಿಗೆ ನಾಚಿಕೆಯಾಗುತ್ತಿತ್ತು. "ಖಾಲಿ ಜಾಗದಲ್ಲಿ ಬಿದ್ದೆ ಮಾರಾಯ್ತಿ," ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಮ್ಯಾಡಮ್ಮಿನಿಂದ ಮಾರಾಯ್ತಿಗೆ ಇಳಿದಿದ್ದೆ. ಅವರು ನನಗೆ ಅಕ್ಕ ಆಗಿದ್ದರು.

ವಾರಕ್ಕೆ ನಾಲ್ಕು ದಿನ ತಾಯಿ ಮಗಳು ಅಜೆಕಾರಿನಿಂದ ಕಾರ್ಕಳಕ್ಕೆ, ಅಲ್ಲಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಬರುತ್ತಿದ್ದರು. ಮಡಚಲಾಗದ ಕಾಲನ್ನು ಚಾಚಲು ಬಾಗಿಲ ಪಕ್ಕದ ಸೀಟೇ ಬೇಕು. ಕಂಡಕ್ಟರ್ ಆ ಸೀಟಿನಲ್ಲಿ ತನ್ನ ಟವೆಲ್ ಹಾಸಿ ಇಟ್ಟಿರುತ್ತಿದ್ದ.

ಅದೇ ಹೊತ್ತಿಗೆ ನಮ್ಮಲ್ಲಿಗೆ ಕಾಪುವಿನ ಅಜ್ಜರೊಬ್ಬರು ಬರುತ್ತಿದ್ದರು. ದೋಣಿಯಲ್ಲಿ ಬದುಕು ಕಳೆದವರು. ಸ್ಟ್ರೋಕಿನಿಂದ ಎಡಗೈ ಬಿದ್ದುಹೋಗಿತ್ತು. ಕೈಗೆ ಕೆಲಸ ಕೊಡಲಿಕ್ಕೆಂದು ನಾನು ಚೆಂಡು ಕೊಟ್ಟರೆ, ಇದೆಂತ ಮಕ್ಕಳಾಟ ಎಂದು ತುಳುವಿನಲ್ಲಿ ಬೈದು ಬಿಸಾಡುತ್ತಿದ್ದರು. ಒಂದು ದಿನ ಅವರು ಬಿಸಾಡಿದ್ದು ಉರುಳಿಕೊಂಡು ಅಕ್ಕನ ಮಂಚದ ಹತ್ತಿರ ಹೋಯಿತು. ಅಕ್ಕ ಎತ್ತಿ ಅಜ್ಜರ ಬಲಗೈಗೆ ನೇರ ಎಸೆದರು. ಅಜ್ಜ ಹಿಡಿದರು, ಸಿಟ್ಟಿನಲ್ಲಿ ತಿರುಗಿ ಎಸೆದರು. ಮತ್ತೆ ಬಂತು. ಮರುದಿನವೂ ಅದೇ. ನಾನು ನೋಡುತ್ತಾ ಇದ್ದೆ, ಪ್ರತಿ ಸಲವೂ ಚೆಂಡು ಒಂದು ಕೂದಲೆಳೆಯಷ್ಟು ಅಜ್ಜರ ಎಡಕ್ಕೆ ಸರಿಯುತ್ತಿತ್ತು. ಕೆಲವು ವಾರ ಹೋದ ಮೇಲೆ ಒಂದು ಬೆಳಿಗ್ಗೆ ಚೆಂಡು ಸೀದಾ ಅವರ ಬಿದ್ದ ಕೈಗೆ ಬಡಿಯಿತು. ಬೆರಳುಗಳು ಅರ್ಧ ಮಡಚಿಕೊಂಡವು. ಚೆಂಡು ನಿಲ್ಲಲಿಲ್ಲ, ಕೆಳಗೆ ಬಿತ್ತು. ಅಜ್ಜ ತಮ್ಮ ಕೈಯನ್ನು ಯಾರದೋ ಕೈ ಎಂಬಂತೆ ನೋಡಿದರು. ಕೋಣೆಯಲ್ಲಿದ್ದವರೆಲ್ಲ ಆ ಕೈಯನ್ನೇ ನೋಡಿದರು.

"ಎಂತ ನೋಡೂದು?" ಎಂದು ಅಜ್ಜ ಗದರಿದರು. "ಇನ್ನೊಂದು ಹಾಕು ಮಾರಾಯ್ತಿ."

ಇಂಥದ್ದನ್ನೆಲ್ಲ ಬರೆದರೆ ಅಕ್ಕ ಸದಾ ನಗುತ್ತಾ ಇದ್ದರು ಅಂತ ಆಗುತ್ತದೆ. ಹಾಗಿರಲಿಲ್ಲ. ಆರನೇ ತಿಂಗಳಿಗೆ ಕಾಲು ಪೂರ್ತಿ ಮಡಚುತ್ತಿತ್ತು, ಓಡುತ್ತಿದ್ದರು, ತೊಡೆಗೆ ಬಲ ಬಂದಿತ್ತು. ಇನ್ನು ಹಾರಿ ಇಳಿಯುವುದು ಕಲಿಸಬೇಕು. ಮೊಣಕಾಲೆತ್ತರದ ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, "ಇಳೀರಿ," ಎಂದೆ. ಅವರು ನಿಂತೇ ಇದ್ದರು. ಮತ್ತೆ ಹೇಳಿದೆ. ಹಣೆಯಲ್ಲಿ ಬೆವರು ಬಂತು, ಇಳಿಯಲಿಲ್ಲ. ಎರಡು ವಾರ ಹೀಗೆಯೇ ಆಯಿತು. ನೋವು ಇರಲಿಲ್ಲ.

"ಕಾಲಿಗೆ ನೆನಪುಂಟು," ಎಂದರು ಒಂದು ದಿನ. ಪೆಟ್ಟಿಗೆಯ ಮೇಲೆ ಕೂತು, ಆ ದೊಡ್ಡ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಚೆನ್ನೈಯಿಂದ ಕೋಚ್ ಫೋನ್ ಮಾಡಿದ್ದರಂತೆ. ಕೇರಳದ ಒಬ್ಬಳು ಹುಡುಗಿ ಬಂದಿದ್ದಾಳೆ, ಹತ್ತೊಂಬತ್ತು ವರ್ಷ, ಎತ್ತರ ಉಂಟು, ಅವಳನ್ನು ನಿನ್ನ ಜಾಗದಲ್ಲಿ ಆಡಿಸುತ್ತಿದ್ದೇವೆ, ನಿನಗೆ ಅವಸರ ಇಲ್ಲ ಎಂದರಂತೆ. ಅವಸರ ಇಲ್ಲ ಎಂಬುದರ ಅರ್ಥ ಅವರಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು.

ಮರುವಾರ ಬಂದವರೇ, "ನನ್ನ ಪಕ್ಕ ನಿಲ್ಲು," ಎಂದರು. "ನಾನು ಇಳಿಯುವಾಗ ನನ್ನ ಭುಜಕ್ಕೆ ಗುದ್ದು."

"ಎಂತ ಹೇಳ್ತಿದ್ದೀರಿ ಅಕ್ಕ? ಬಿದ್ದರೆ?"

"ಯಾರಾದರೂ ಗುದ್ದಿದರೆ ನನಗೆ ಇಳಿಯಲಿಕ್ಕೆ ಗೊತ್ತು. ಖಾಲಿ ಜಾಗ ಅಂದರೇ ಹೆದರಿಕೆ."

ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ ಚಿಕಿತ್ಸೆ. ನನ್ನ ಮೇಲಿನವರನ್ನು ಕೇಳಿದೆ. ಅವರು ತುಂಬಾ ಹೊತ್ತು ಯೋಚಿಸಿ, ಕೆಳಗೆ ಎರಡು ಮ್ಯಾಟ್ ಹಾಕಿ ಎಂದರು. ಸ್ಟೂಲಿನ ಮೇಲೆ ನಿಂತು, ಅವರು ಹಾರುವಾಗ ಹೆಗಲಿಗೆ ಮೆಲ್ಲಗೆ ತಾಗಿಸಿದೆ. "ಇದೆಂತ, ನೊಣ ಓಡಿಸುವುದಾ?" ಎಂದರು. ಎರಡನೆಯ ಸಲ ನಿಜವಾಗಿ ತಳ್ಳಿದೆ. ಎರಡೂ ಪಾದ ಊರಿ, ಮೊಣಕಾಲು ಬಗ್ಗಿಸಿ, ಮರದ ಬುಡದ ಹಾಗೆ ಇಳಿದು ನಿಂತರು. ಆಮೇಲೆ ದಿನಾ ನನ್ನ ಕೆಲಸ ಅವರನ್ನು ತಳ್ಳುವುದು. ತಳ್ಳುವುದನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬಂದೆ. ಕಡೆಗೆ ಪಕ್ಕದಲ್ಲಿ ಸುಮ್ಮನೆ ನಿಂತರೂ ಸಾಕಾಯಿತು.

ಅಕ್ಕ ಚೆನ್ನೈಗೆ ವಾಪಸ್ ಹೊರಡುವ ಸಮಯ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಬಾಯಮ್ಮ ಒಬ್ಬರೇ ನನ್ನ ಹತ್ತಿರ ಬಂದರು. ಮಗಳು ಎಕ್ಸ್‌ರೇಗೆ ಹೋಗಿದ್ದರು. ಬಾಯಮ್ಮ ನನ್ನ ಕೈ ಹಿಡಿದುಕೊಂಡು, ಮಗಳನ್ನು ಕರೆಯುವ ಹಾಗೆ ನನ್ನನ್ನೂ 'ಪುತಾ' ಎಂದು ಕರೆದರು.

"ಪುತಾ, ನೀನು ಒಂದು ಮಾತು ಹೇಳು. ಇನ್ನು ಆಡಲಿಕ್ಕೆ ಆಗುವುದಿಲ್ಲ ಅಂತ. ನೀನು ಹೇಳಿದರೆ ಕೇಳ್ತಾಳೆ. ಕೆಲಸ ಪರ್ಮನೆಂಟ್ ಉಂಟು, ಆಫೀಸಿನಲ್ಲಿ ಕೂತುಕೊಳ್ಳಲಿ. ಅವಳು ರಜೆಯಲ್ಲಿ ಬಂದಾಗ ಬೆನ್ನಿಗೆ ಎಣ್ಣೆ ಹಚ್ಚುವವಳು ನಾನು. ಎಷ್ಟು ನೀಲಿ ಗುರುತು ಇರ್ತದೆ ಅಂತ ನಿನಗೆ ಗೊತ್ತಾ? ಒಂದು ಸಲ ಟಿ.ವಿ.ಯಲ್ಲಿ ಅವಳ ಆಟ ಬಂತು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ."

ಮಗಳು ಆಡುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

"ಬಾಯಮ್ಮ, ಸುಳ್ಳು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ," ಎಂದೆ. "ನಿಜ ಹೇಳ್ತೇನೆ. ಪೂರ್ತಿ ಹೇಳ್ತೇನೆ."

"ನಿಜ ಹೇಳಿದರೆ ಅವಳು ಹೋಗ್ತಾಳೆ," ಎಂದರು ಬಾಯಮ್ಮ. ಕೈ ಬಿಟ್ಟರು.

ಅದೇ ವಾರ ಅಕ್ಕ ಕೇಳಿದರು: "ನಾನು ನಿನ್ನ ಸ್ವಂತ ಅಕ್ಕನಾಗಿದ್ದರೆ ಕಳಿಸ್ತಿದ್ದೆಯಾ?"

ಇದ್ದದ್ದನ್ನು ಹೇಳಿದೆ. ಆಡಬಹುದು. ಆದರೆ ಇನ್ನೊಮ್ಮೆ ಹರಿದರೆ ಬದುಕಿಡೀ ಕುಂಟಬೇಕಾದೀತು. ಕೆಲಸ ಹೇಗೂ ಹೋಗುವುದಿಲ್ಲ, ನನ್ನ ಅಕ್ಕನಾಗಿದ್ದರೆ ಬೇಡ ಅಂತಲೇ ಹೇಳುತ್ತಿದ್ದೆ ಎಂದೆ.

"ಅಮ್ಮ ಹೇಳಿಕೊಟ್ಟದ್ದಾ?"

ನಾನು ಟವೆಲ್ ಮಡಚತೊಡಗಿದೆ. ಅವರು ನಕ್ಕರು. "ಡಾಕ್ಟರ ಹತ್ತಿರವೂ ಹೇಳಿದ್ದಾರೆ. ಫಾದರ್ ಹತ್ತಿರವೂ. ಕಂಡಕ್ಟರ್ ಕೂಡ ಮೊನ್ನೆ ಬುದ್ಧಿ ಹೇಳಿದ." ಆಮೇಲೆ ನಗು ನಿಂತಿತು. "ನಾನು ತುಂಬಾ ವರ್ಷ ಆಡುವುದಿಲ್ಲ. ಆ ಕೇರಳದ ಹುಡುಗಿಗೆ ಜಾಗ ಬಿಡಬೇಕು, ಗೊತ್ತುಂಟು. ಆದರೆ ಖಾಲಿ ಜಾಗದಲ್ಲಿ ಬಿದ್ದದ್ದು ನನ್ನ ಕೊನೆಯ ಆಟ ಆಗಬಾರದು. ನಿಲ್ಲಿಸುವುದಾದರೆ ನಾನು ನಿಲ್ಲಿಸಬೇಕು, ಕಾಲು ಅಲ್ಲ."

ಹೋದರು. ಆ ವರ್ಷ ಫೋನಿನಲ್ಲಿ ಅವರ ಸುದ್ದಿ ಬರುತ್ತಿತ್ತು: ಇವತ್ತು ಸ್ವಲ್ಪ ಊದಿದೆ, ಇವತ್ತು ಐಸ್ ಇಟ್ಟೆ, ಇವತ್ತು ಹುಡುಗಿಗೆ ಕೈ ಎಲ್ಲಿ ಇಡಬೇಕು ಅಂತ ಹೇಳಿಕೊಟ್ಟೆ. ಅರ್ಧ ಆಟ ಅವಳು, ಅರ್ಧ ಆಟ ಇವರು.

ಮುಂದಿನ ಬೇಸಿಗೆಗೆ ಉಡುಪಿಯಲ್ಲಿ ಒಂದು ಟೂರ್ನಮೆಂಟ್ ಆಯಿತು. ಅವರ ತಂಡವೂ ಬಂತು. ನಾನು ಬಾಯಮ್ಮನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. "ನೋವಾದರೆ ನೋಡಲಿಕ್ಕೆ ನೀನು ಇದ್ದೀಯಲ್ಲ, ಹಾಗಾದರೆ ಬರ್ತೇನೆ," ಎಂದು ಒಪ್ಪಿದ್ದರು. ಸಂಜೆಯ ಪಂದ್ಯ. ಸಿಮೆಂಟಿನ ಮೆಟ್ಟಿಲ ಗ್ಯಾಲರಿಯಲ್ಲಿ ಜಪಮಾಲೆ ಹಿಡಿದು ಕೂತರು.

ಮೊದಲ ಕಾಲು ಭಾಗ ಪೂರ್ತಿ ಅವರು ತಲೆ ಎತ್ತಲೇ ಇಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಎದುರು ತಂಡದವಳೊಬ್ಬಳು ಅಕ್ಕನ ಬೆನ್ನಿಗೆ ಮೊಣಕೈಯಲ್ಲಿ ತಿವಿದಾಗ ಜನ ಕೂಗಿದರು. ಆಗ ನೋಡಿದರು.

"ಅವಳಿಗೆ ಯಾಕೆ ಹೊಡೆಯುವುದು? ಅಂಪೈರಿಗೆ ಕಣ್ಣು ಕಾಣೂದಿಲ್ವಾ?" ಎಂದು ಎದ್ದೇ ಬಿಟ್ಟರು. ನಾನು ಸೆರಗು ಹಿಡಿದು ಕೂರಿಸಿದೆ. ಆಮೇಲೆ ಅವರ ಕಣ್ಣು ಮಗಳನ್ನು ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಕೇಳಿದರು: "ಅವಳು ಬಾಲ್ ಸಿಕ್ಕಿದರೂ ಹಾಕುವುದಿಲ್ಲ, ಆಚೆಯವಳಿಗೆ ಕೊಡ್ತಾಳೆ, ಯಾಕೆ?" ನನಗೆ ಗೊತ್ತಿದ್ದಷ್ಟು ಹೇಳಿದೆ. ಎಲ್ಲಿ ನಿಲ್ಲುತ್ತಾರೆ, ಯಾರನ್ನು ತಡೆಯುತ್ತಾರೆ, ಅದರಿಂದ ಯಾರಿಗೆ ದಾರಿಯಾಗುತ್ತದೆ ನೋಡಿ ಎಂದು ತೋರಿಸಿದೆ. ಬಾಯಮ್ಮ ಜಪಮಾಲೆಯನ್ನು ಪರ್ಸಿಗೆ ಹಾಕಿದರು. ಇನ್ನೊಮ್ಮೆ ಅಕ್ಕ ಅಲ್ಲಾಡದೆ ನಿಂತು, ಅಟ್ಟಿಸಿಕೊಂಡು ಬಂದವಳು ಅವರಿಗೆ ಬಡಿದು ಬಿದ್ದು, ನಮ್ಮ ಕಡೆಯ ಸಣ್ಣ ಹುಡುಗಿ ಓಡಿಹೋಗಿ ಬಾಸ್ಕೆಟ್ ಹಾಕಿದಾಗ ಇಡೀ ಗ್ಯಾಲರಿ ಆ ಸಣ್ಣ ಹುಡುಗಿಗೆ ಚಪ್ಪಾಳೆ ಹೊಡೆಯಿತು. ಬಾಯಮ್ಮ ಒಬ್ಬರೇ ಮಗಳ ಕಡೆ ನೋಡಿ ಚಪ್ಪಾಳೆ ಹೊಡೆದರು.

ಮೂರನೆಯ ಭಾಗದ ಕೊನೆಗೆ ಬೋರ್ಡಿಗೆ ಬಡಿದು ಬಂದ ಬಾಲಿಗೆ ಅಕ್ಕ ಹಾರಿದರು. ಸುತ್ತ ಯಾರೂ ಇರಲಿಲ್ಲ. ನಾನು ಎದ್ದು ನಿಂತೆ. ಬಾಲನ್ನು ಎರಡೂ ಕೈಯಲ್ಲಿ ಕಿತ್ತುಕೊಂಡು, ಎಡಗಾಲನ್ನೇ ಮೊದಲು ಊರಿ ಇಳಿದರು. ಏನೂ ಆಗಲಿಲ್ಲ. ನನ್ನ ಕಡೆ ನೋಡಿದರೋ ಇಲ್ಲವೋ, ನೋಡಿದರು ಎಂದೇ ನಾನು ಅಂದುಕೊಂಡಿದ್ದೇನೆ.

ಕೊನೆಯ ಭಾಗ ಶುರುವಾಯಿತು. ಪಂದ್ಯ ಸಮಸಮ ಇತ್ತು. ಸ್ವಲ್ಪ ಹೊತ್ತು ಆಡಿ, ಅಕ್ಕ ಬೆಂಚಿನ ಕಡೆ ಕೈ ಎತ್ತಿದರು, ತನ್ನನ್ನು ಹೊರಗೆ ಕರೆಯಲು. ಕೋಚ್ ಬೇಡ ಎಂಬಂತೆ ಕೈ ಆಡಿಸಿದರು. ಅಕ್ಕ ಮತ್ತೆ ಕೈ ಎತ್ತಿದರು. ಕೇರಳದ ಹುಡುಗಿ ಎದ್ದು ಬಂದಳು. ಅವಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಿ ಒಳಗೆ ಕಳಿಸಿ, ಬೆಂಚಿಗೆ ಬಂದು ಕೂತು, ಬಗ್ಗಿ, ಶೂಗಳ ಲೇಸು ಬಿಚ್ಚಿದರು. ಮತ್ತೆ ಆಟಕ್ಕೆ ಇಳಿಯುವವರು ಲೇಸು ಬಿಚ್ಚುವುದಿಲ್ಲ.

"ನೋವಾಯಿತಾ?" ಎಂದು ಬಾಯಮ್ಮ ನನ್ನ ತೋಳು ಹಿಡಿದರು.

"ಇಲ್ಲ ಬಾಯಮ್ಮ. ನೋವಾಗಿಲ್ಲ."

ಅವರ ತಂಡ ಒಂದೇ ಒಂದು ಬಾಸ್ಕೆಟ್ಟಿನಿಂದ ಸೋತಿತು.

ಆಮೇಲೆ ಅವರು ಆಡಲಿಲ್ಲ. ಚೆನ್ನೈಯ ಆಫೀಸಿನಲ್ಲಿ ಕೆಲವು ವರ್ಷ ಕೂತರು. ಊರ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡು ಬಂದು, ಸಂಜೆ ಕಾರ್ಕಳದಲ್ಲಿ ಶಾಲೆಯ ಹೆಣ್ಣುಮಕ್ಕಳಿಗೆ ಆಟ ಕಲಿಸಿದರು. ಮದುವೆಯಾಗಲಿಲ್ಲ. ನಲವತ್ತೈದಕ್ಕೆ ರಕ್ತದ ಕಾಯಿಲೆ ಬಂತು, ಎರಡು ವರ್ಷ ಕಾಡಿತು. ಕಡೆಯ ತಿಂಗಳುಗಳಲ್ಲಿ ನಾನು ಭಾನುವಾರ ಅಜೆಕಾರಿಗೆ ಹೋಗಿ, ಮಲಗಿದಲ್ಲಿಯೇ ಕೈಕಾಲು ಆಡಿಸಿ ಬರುತ್ತಿದ್ದೆ. ಮಾತು ಕಡಿಮೆಯಾಗಿತ್ತು. ಆ ದಿನಗಳ ಬಗ್ಗೆ ಬರೆಯಲಿಕ್ಕೆ ನನಗೆ ಇಷ್ಟವಿಲ್ಲ. ಉಡುಪಿಯ ಆ ಸಂಜೆಯದ್ದನ್ನೇ ಬರೆದು ಮುಗಿಸುತ್ತೇನೆ.

ಪಂದ್ಯ ಮುಗಿದ ಮೇಲೆ ನಾವು ಮೂವರು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿಗೆ ಹೋದೆವು. ಅಕ್ಕನ ಕೂದಲು ಇನ್ನೂ ಒದ್ದೆ ಇತ್ತು. ಗೋಳಿಬಜೆ ಬಂತು, ಚಾ ಬಂತು. ಬಾಯಮ್ಮ ಏನನ್ನೂ ಮುಟ್ಟದೆ ಮಗಳನ್ನೇ ನೋಡುತ್ತಿದ್ದರು.

"ಯಾಕೆ ಹೊರಗೆ ಬಂದಿ?" ಎಂದು ಕೇಳಿದರು. ನನಗೂ ತಿಳಿಯಲಿ ಎಂದೋ ಏನೋ, ಕೊಂಕಣಿ ಬಿಟ್ಟು ತುಳುವಿನಲ್ಲಿಯೇ ಕೇಳಿದರು.

"ಇವತ್ತು ಒಂದು ಚೂರೂ ನೋವಿರಲಿಲ್ಲ ಅಮ್ಮ. ನೋವಿಲ್ಲದ ದಿನ ನಿಲ್ಲಿಸಬೇಕು ಅಂತ ಇತ್ತು. ನಿಲ್ಲಿಸಿದೆ. ಇನ್ನು ಆಡುವುದಿಲ್ಲ."

ಇಷ್ಟು ವರ್ಷ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಬೇಡಿಕೊಂಡ ಮಾತು ಅದು. ಬಾಯಮ್ಮನ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂದು ನಾನು ಕಾದೆ. ಅವರು ಚಾದ ಲೋಟವನ್ನು ಆಚೆ ಸರಿಸಿದರು.

"ನೀನು ಇದ್ದಿದ್ದರೆ ಗೆಲ್ತಿದ್ದರು."

"ಗೆಲ್ತಿದ್ದೆವೋ ಏನೋ."

"ಗೆಲ್ತಿದ್ದಿರಿ. ಆ ಹುಡುಗಿಗೆ ನಿನ್ನ ಹಾಗೆ ನಿಲ್ಲಲಿಕ್ಕೆ ಬರುವುದಿಲ್ಲ. ನಾನು ನೋಡಿದೆ." ಬಾಯಮ್ಮ ಮಗಳ ಕಡೆ ಬಗ್ಗಿದರು. "ನೋವಿಲ್ಲದಿದ್ದರೆ ಇನ್ನೊಂದು ವರ್ಷ ಆಡಬಹುದಿತ್ತಲ್ಲ, ಪುತಾ? ನಾನು ಇವತ್ತು ಮಾತ್ರ ನೋಡಿದ್ದು."

ಅಕ್ಕ ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ಹಾಕಿದರು. ಆಮೇಲೆ ಎದ್ದು, ಮೇಜು ಸುತ್ತಿ ಬಂದು, ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಎಡ ಮೊಣಕಾಲು ಊರಿ ಕೂತರು. ಹಾಗೆ ಕೂತಾಗ ಇಬ್ಬರ ಮುಖವೂ ಒಂದೇ ಎತ್ತರಕ್ಕೆ ಬಂತು.